ಸಮುದ್ರದ ನೀರಿನ ಟ್ಯಾಂಕಿನಲ್ಲಿ ಕಲ್ಲು ಅಲುಗದಂತೆ ನಿಲ್ಲಿಸಲು: ಬರೀ ಜೋಡಣೆಯೋ, ಅಂಟೋ, ಸಿಮೆಂಟೋ, ರಾಡೋ?

ಉಪ್ಪುನೀರಿನ ಟ್ಯಾಂಕ್ ಇಡುವವರು ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಹೊಸದುರ್ಗದ ತನಕ ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಮೀನು, ಪಂಪು, ಲೈಟು ಎಲ್ಲದರ ಬಗ್ಗೆ ಚೆನ್ನಾಗಿ ವಿಚಾರಿಸಿಕೊಂಡಿರುತ್ತಾರೆ. ಕಲ್ಲಿನ ಮಾತು ಬಂದಾಗ ಮಾತ್ರ ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಅಂಟು ಗಟ್ಟಿ?

ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಎರಡಿದೆ. ಈ ಕಲ್ಲು ಇನ್ನೊಂದು ಕಲ್ಲಿನ ಭಾರ ಹೊರಬೇಕಾ, ಅಥವಾ ಸುಮ್ನೆ ಮೇಲೆ ಕೂತರೆ ಸಾಕಾ? ಮುಂದೆ ಯಾವತ್ತಾದರೂ ಇದನ್ನು ಹೊರಗೆ ತೆಗೆಯಬೇಕಾಗಿ ಬರಬಹುದಾ? ಈ ಎರಡಕ್ಕೆ ಉತ್ತರ ಸಿಕ್ಕಿತು ಅಂದರೆ ಉಳಿದದ್ದು ಸುಲಭ. ಭಾರ ಹೊರುವ ಕಲ್ಲನ್ನು ಬರೀ ಅಂಟು ನಂಬಿ ನಿಲ್ಲಿಸಬಾರದು. ತೆಗೆಯಬೇಕಾಗಬಹುದಾದ ಕಲ್ಲನ್ನು ಸಿಮೆಂಟಿನಲ್ಲಿ ಹುಗಿಯಬಾರದು.

ಕಲ್ಲು ಯಾಕೆ ಜಾರುತ್ತದೆ

ನೀರಿನೊಳಗೆ ಕಲ್ಲು ಹಗುರವಾಗುತ್ತದೆ. ಎಷ್ಟು ಹಗುರ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ರೀಫ್ ಟ್ಯಾಂಕಿಗೆ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕಿಗೆ, ಹಾಕುವ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನೀರಿಗಿಂತ ಸುಮಾರು 2.7 ಪಟ್ಟು ತೂಕದ್ದು. ಅಂಥ 10 ಕೆಜಿ ಕಲ್ಲು ಉಪ್ಪುನೀರಿನಲ್ಲಿ ಮುಳುಗಿದರೆ ಸುಮಾರು 3.8 ಕೆಜಿ ಕಳೆದುಕೊಳ್ಳುತ್ತದೆ. ಉಳಿಯುವುದು 6 ಕೆಜಿಗೆ ಸ್ವಲ್ಪ ಮೇಲೆ. ಮೇಜಿನ ಮೇಲೆ ತನ್ನ ಭಾರದಿಂದಲೇ ಗಟ್ಟಿಯಾಗಿ ಕೂತಿದ್ದ ಜೋಡಣೆ, ನೀರು ತುಂಬಿದ ಮೇಲೆ ಒಂದು ಬೆರಳಿಗೆ ಜರುಗುವುದು ಇದರಿಂದಲೇ. ಒಣ ಕಲ್ಲಿನ ರಂಧ್ರಗಳಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಮೊದಲ ದಿನಗಳಲ್ಲಿ ಅದು ಇನ್ನೂ ಹಗುರ.

ಎರಡನೆಯ ಕಾರಣ, ಟ್ಯಾಂಕಿನ ಒಳಗೇ ಇರುವ ಜೀವಿಗಳು. ಪಿಸ್ತೂಲ್ ಸಿಗಡಿ ಇದೆಯಲ್ಲ, ಅದು ಹಗಲಿರುಳು ಮರಳು ತೋಡುತ್ತದೆ. ಗೋಬಿ ಮೀನು ಬಾಗಿಲಲ್ಲಿ ಕಾವಲು ಕೂತರೆ ಸಿಗಡಿ ಒಳಗಿನಿಂದ ಮರಳು ತಂದು ಹೊರಗೆ ಸುರಿಯುತ್ತದೆ. ನೋಡಲು ತುಂಬಾ ಚಂದ. ಆದರೆ ಆ ಬಿಲ ಹೋಗುವುದು ಹೆಚ್ಚಾಗಿ ದೊಡ್ಡ ಕಲ್ಲಿನ ಅಡಿಗೇ. ಮರಳನ್ನು ಬಾಯಲ್ಲಿ ತೆಗೆದು ಸೋಸುವ ಗೋಬಿಗಳೂ ಅಷ್ಟೆ. ಕಡಲ ಮುಳ್ಳುಚೆಂಡು ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಳ್ಳಿಕೊಂಡೇ ಹೋಗುತ್ತದೆ. ಟರ್ಬೊ ಬಸವನಹುಳ ಸಣ್ಣ ಕಲ್ಲುಗಳನ್ನು ರಾತ್ರಿ ಕೆಡವುತ್ತದೆ. ಟ್ರಿಗರ್ ಮೀನು ಸಾಕಿದರೆ ಅದು ಬೇಕೆಂದೇ ಕಲ್ಲು ಕಚ್ಚಿ ಎಳೆಯುತ್ತದೆ.

ಉಪ್ಪಳದಲ್ಲಿ ಸ್ನೇಹಿತರೊಬ್ಬರು ಮರಳಿನ ಮೇಲೆ ಎರಡು ಕಾಲು ಊರಿ ಒಂದು ಸುಂದರ ಕಮಾನು ಕಟ್ಟಿದ್ದರು. ಸಿಗಡಿ ಎಡಗಾಲಿನ ಬುಡದಲ್ಲಿ ಬಿಲ ಮಾಡಿತು. ಕಮಾನು ಒಂದು ಬದಿಗೆ ವಾಲಿ ಹಿಂದಿನ ಗಾಜಿಗೆ ಒರಗಿ ನಿಂತಿತು. ಗಾಜು ಉಳಿದದ್ದು ಅದೃಷ್ಟ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 450 ಲೀಟರ್ ಹಿಡಿಯುತ್ತದೆ. ಅಷ್ಟೂ ಉಪ್ಪುನೀರು ಚಾವಡಿಗೆ ಬಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಮೊದಲು ಕಲ್ಲು ಯಾವುದು

ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಆದರೆ ನಮ್ಮ ಊರಿಗೆ ಸಂಬಂಧಪಟ್ಟ ಕೆಲವು ಮಾತು ಹೇಳಲೇಬೇಕು.

ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಬೇಡ. ಮನೆ, ಬಾವಿಕಟ್ಟೆ, ಬೇಕಲ ಕೋಟೆ ಎಲ್ಲ ಅದರದ್ದೇ. ಅದರಲ್ಲೇ ಸುರಂಗ ಕೊರೆದು ನೀರು ತರುವ ಊರು ನಮ್ಮದು. ರಂಧ್ರವಿರುವ ಕಲ್ಲು, ಪುಕ್ಕಟೆ ಬೇರೆ ಸಿಗುತ್ತದೆ, ಯಾಕೆ ಆಗಬಾರದು ಎಂದು ಅನಿಸುವುದು ಸಹಜ. ಅದರ ತುಂಬ ಕಬ್ಬಿಣ ಮತ್ತು ಅಲ್ಯೂಮಿನಿಯಂ. ನೀರಿನಲ್ಲಿ ಉದುರುತ್ತದೆ, ಮಣ್ಣು ಬಿಡುತ್ತದೆ, ಪಾಚಿಗೆ ದಾರಿ ಮಾಡುತ್ತದೆ. ಡ್ರಿಲ್ ಹಾಕಿದರೆ ಅಂಚು ಪುಡಿಯಾಗುತ್ತದೆ. ಕರಿಕಲ್ಲಿನಿಂದ ತೊಂದರೆ ಇಲ್ಲ. ಆದರೆ ರಂಧ್ರವಿಲ್ಲದ ಕಾರಣ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಕ್ಕೆ ಒಳಗೆ ಜಾಗವಿಲ್ಲ, ಭಾರವೂ ವಿಪರೀತ.

ಸಮುದ್ರದಿಂದ ಹವಳದ ಕಲ್ಲು ತರುವುದು ಬೇಡವೇ ಬೇಡ. ಲಕ್ಷದ್ವೀಪಕ್ಕೆ ಹೋಗಿ ಬರುವವರು ಪರಿಚಯದಲ್ಲಿದ್ದರೆ ಈ ಆಸೆ ಹುಟ್ಟುತ್ತದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಸೇರಿಸಲಾಗಿದೆ. ಆನೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕಾನೂನು ಬಿಡಿ, ಆ ದಿಬ್ಬಗಳು ದ್ವೀಪವನ್ನು ಅಲೆಯಿಂದ ಕಾಯುವ ಗೋಡೆ. ಅಲ್ಲಿಂದ ಕಿತ್ತು ತಂದ ಕಲ್ಲಿನಿಂದ ನಮ್ಮ ಟ್ಯಾಂಕ್ ಚಂದ ಕಾಣಬೇಕಾಗಿಲ್ಲ. ಅಂಗಡಿಯಲ್ಲಿ ಸಿಗುವ ಮನುಷ್ಯರೇ ಮಾಡಿದ ಕಲ್ಲು, ಇಲ್ಲವೇ ಎಲ್ಲಿಂದ ಬಂತು ಎಂದು ಹೇಳಬಲ್ಲವರ ಹತ್ತಿರ ಡ್ರೈ ರಾಕ್ (ಜೀವ ಇಲ್ಲದ ಒಣ ಕಲ್ಲು) ತೆಗೆದುಕೊಳ್ಳಿ. ಸುಣ್ಣದ ಅಂಶ ಇದೆಯಾ ಎಂದು ನೋಡಲು ಒಂದೆರಡು ಹನಿ ವಿನೆಗರ್ ಬಿಟ್ಟರೆ ಸಾಕು, ನೊರೆ ಬರುತ್ತದೆ.

ಬೇರೆಯವರ ಟ್ಯಾಂಕಿನಿಂದ ಜೀವ ಇರುವ ಕಲ್ಲು ತಂದರೆ ಅದನ್ನು ಎಂದೂ ಬಿಸಿನೀರಿನಲ್ಲಿ ಕುದಿಸಬೇಡಿ. ಕಲ್ಲಿಗೆ ಅಂಟಿ ಬೆಳೆಯುವ, ಹವಳದ ನೆಂಟರಾದ ಜೊವಾಂಥಿಡ್ ಗುಂಪಿನ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಹಬೆಯೊಂದಿಗೆ ಎದ್ದು ಮನೆಯವರನ್ನೆಲ್ಲ ಆಸ್ಪತ್ರೆಗೆ ಕಳಿಸಬಲ್ಲದು. ಅಂಥ ಕಲ್ಲನ್ನು ಒಡೆಯುವಾಗ, ಕೊರೆಯುವಾಗ ಗ್ಲೌಸ್ ಮತ್ತು ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಬರೀ ಜೋಡಣೆ

ನನ್ನ ಮಟ್ಟಿಗೆ ಎಲ್ಲದಕ್ಕೂ ಬುನಾದಿ ಇದು. ಅಂಟಿಲ್ಲ, ಕಟ್ಟಿಲ್ಲ. ಕಲ್ಲಿನ ಆಕಾರ ಮತ್ತು ಭಾರ ಅಷ್ಟೇ. ಮೇಲಿಂದ ಏನು ಹಚ್ಚಿದರೂ, ಏನು ಸುರಿದರೂ ಇದು ಸರಿ ಇಲ್ಲದಿದ್ದರೆ ಪ್ರಯೋಜನವಿಲ್ಲ.

ಸೌದೆ ಒಲೆಗೆ ಮೂರೇ ಗುಂಡುಕಲ್ಲು ಇಡುತ್ತಿದ್ದರು. ಮೂರು ಕಡೆ ತಾಗಿ ಕೂತ ಪಾತ್ರೆ ಅಲುಗುವುದಿಲ್ಲ. ಕಲ್ಲಿನ ಮೇಲೆ ಕಲ್ಲು ಕೂರುವುದಕ್ಕೂ ಅದೇ ನಿಯಮ. ಕೆಳಗಿನ ಕಲ್ಲಿನ ಮೇಲೆ ಮೇಲಿನದನ್ನು ಇಟ್ಟು ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಒಂದು ಕಡೆ ಅದು ತಾನಾಗಿಯೇ ಕೂರುತ್ತದೆ, ಕೈಗೆ ಗೊತ್ತಾಗುತ್ತದೆ. ಅಲ್ಲಿ ಒತ್ತಿ ಹಿಡಿದು ಎರಡನ್ನೂ ಒಂದಕ್ಕೊಂದು ನಾಲ್ಕಾರು ಸಲ ಉಜ್ಜಿ. ಬಿಳಿ ಹುಡಿ ಉದುರುತ್ತದೆ. ಈಗ ಮೇಲಿನ ಕಲ್ಲು ಎತ್ತಿ ಅಡಿ ನೋಡಿ. ತಾಗಿದ ಜಾಗದಲ್ಲಿ ಹೊಸ ಬಿಳಿ ಗುರುತು ಬಿದ್ದಿರುತ್ತದೆ. ಮೂರು ಗುರುತು ದೂರ ದೂರ ಇದ್ದರೆ ಸರಿ. ಎರಡೇ ಇದ್ದರೆ, ಅಥವಾ ಮೂರೂ ಒಂದೇ ಮೂಲೆಯಲ್ಲಿದ್ದರೆ ಅದು ಇವತ್ತಲ್ಲ ನಾಳೆ ಅಲುಗುತ್ತದೆ. ಉಬ್ಬಿದ ಕಡೆ ಉಳಿ, ಸುತ್ತಿಗೆಯಿಂದ ಸ್ವಲ್ಪ ತಟ್ಟಿ ಮತ್ತೆ ನೋಡಿ. ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಹೋದರೂ ಬೇಸರ ಬೇಡ. ಮುಂದಿನ ವರ್ಷಗಳ ನೆಮ್ಮದಿ ಇರುವುದು ಅಲ್ಲಿ.

ಕಲ್ಲು ಮೊದಲು, ಮರಳು ಆಮೇಲೆ. ಬುಡದ ಕಲ್ಲು ಟ್ಯಾಂಕಿನ ತಳದ ಮೇಲೇ ಕೂರಬೇಕು. ಆಗ ಸಿಗಡಿ ಎಷ್ಟು ತೋಡಿದರೂ ತೊಂದರೆ ಇಲ್ಲ. ಗಾಜಿನ ಮೇಲೆ ನೇರ ಇಡಲು ಹೆದರಿಕೆ ಅನಿಸಿದರೆ ಎಗ್ ಕ್ರೇಟ್ ಹಾಕಬಹುದು. ಫಾಲ್ಸ್ ಸೀಲಿಂಗ್ ಲೈಟಿನ ಕೆಳಗೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಹಾಳೆ ಅದು. ಒಂದೇ ಮೊನೆಯ ಮೇಲೆ ಬೀಳುವ ಭಾರವನ್ನು ಹಂಚುತ್ತದೆ. ಇಡೀ ತಳಕ್ಕೆ ಹಾಸುವುದನ್ನು ನಾನು ಒಪ್ಪುವುದಿಲ್ಲ. ಚೌಕಗಳಲ್ಲಿ ಕೊಳೆ ನಿಲ್ಲುತ್ತದೆ, ಮೀನು ತೋಡಿದಾಗ ಬಿಳಿ ಪ್ಲಾಸ್ಟಿಕ್ ಹೊರಗೆ ಕಾಣುತ್ತದೆ. ಬುಡದ ಕಲ್ಲಿನ ಅಡಿಗೆ ಬೇಕಾದಷ್ಟೇ ಕತ್ತರಿಸಿ ಹಾಕಿ.

ಬರೀ ಜೋಡಣೆಯ ದೊಡ್ಡ ಲಾಭ, ಯಾವಾಗ ಬೇಕಾದರೂ ಬಿಚ್ಚಬಹುದು. ಮೀನು ಹಿಡಿಯಬೇಕು, ಕಳೆ ಬೆಳೆದ ಕಲ್ಲು ತೆಗೆಯಬೇಕು, ಮನೆ ಬದಲಾಯಿಸಬೇಕು ಎಂದಾಗ ಒಂದೊಂದಾಗಿ ಎತ್ತಿದರೆ ಆಯಿತು. ಮಿತಿಯೂ ಸ್ಪಷ್ಟ. ಎತ್ತರ ಹೋಗುವ ಹಾಗಿಲ್ಲ, ಕಮಾನು ಆಗುವುದಿಲ್ಲ, ಮುಂದಕ್ಕೆ ಚಾಚಿದ ಚಪ್ಪಡಿ ನಿಲ್ಲುವುದಿಲ್ಲ. ಬುಡದ ಅಗಲಕ್ಕಿಂತ ಎತ್ತರ ಜಾಸ್ತಿ ಬೇಕು ಅನ್ನುವಲ್ಲಿಗೆ ಇದರ ಕೆಲಸ ಮುಗಿಯಿತು ಎಂದು ನಾನು ಲೆಕ್ಕ ಹಾಕುತ್ತೇನೆ.

ಸೂಪರ್ ಗ್ಲೂ

ಫೆವಿಕ್ವಿಕ್ ಮನೆ ಮನೆಯಲ್ಲಿದೆ. ಒಳಗಿರುವುದು ಸಯನೋಆಕ್ರಿಲೇಟ್. ತೇವ ತಾಗಿದರೆ ಗಟ್ಟಿಯಾಗುವ ಗುಣ ಅದರದ್ದು, ಹಾಗಾಗಿ ನೀರಿನೊಳಗೂ ಹಿಡಿಯುತ್ತದೆ. ಆದರೆ ನೀರಾಗಿ ಹರಿಯುವ ಅಂಟು ಇಲ್ಲಿಗೆ ಬರುವುದಿಲ್ಲ. ರಂಧ್ರದ ಕಲ್ಲು ಅದನ್ನು ಕುಡಿದುಬಿಡುತ್ತದೆ. ಜೆಲ್ ರೂಪದ್ದೇ ಬೇಕು.

ಇದು ಸಣ್ಣ ವಸ್ತುಗಳಿಗೆ. ಹೆಬ್ಬೆರಳು ಗಾತ್ರದ ಮೃದು ಹವಳದ ತುಂಡು, ಕೈಯೊಳಗೆ ಹಿಡಿಯುವ ಕಲ್ಲು, ಅಷ್ಟಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ದೊಡ್ಡ ಕಲ್ಲಿಗೆ ಎರಡು ಕಾರಣಕ್ಕೆ ಆಗದು. ಇದು ಸಂದು ತುಂಬುವುದಿಲ್ಲ, ತಾಗಿದಲ್ಲಿ ಮಾತ್ರ ಹಿಡಿಯುತ್ತದೆ. ಮತ್ತೆ, ಒಣಗಿದ ಮೇಲೆ ಬಾಗುವುದಿಲ್ಲ, ಬದಿಯಿಂದ ಒಂದು ಪೆಟ್ಟು ಬಿದ್ದರೆ ಫಟ್ ಅಂತ ಬಿಡುತ್ತದೆ.

ಟ್ಯಾಂಕಿನ ಹೊರಗೆ ಕೆಲಸ ಮಾಡುವುದಾದರೆ ಒಂದು ಉಪಾಯ ಇದೆ. ಸಂದಿಗೆ ಅಂಟು ಹಾಕಿ, ಮೇಲೆ ನುಣ್ಣಗಿನ ಅರಗೊನೈಟ್ ಮರಳು (ಸುಣ್ಣದ ಅಂಶದ ಮರಳು) ಅಥವಾ ಅಡುಗೆ ಸೋಡಾ ಉದುರಿಸಿ. ಕ್ಷಣದಲ್ಲಿ ಗಟ್ಟಿ. ಪದರದ ಮೇಲೆ ಪದರ ಹಾಕಿ ಸಂದು ತುಂಬಿಸುತ್ತಾ ಬರಬಹುದು. ಕೆಲವರು ಪ್ಲಾಸ್ಟಿಕ್ ನೂಲಿನ ಫಿಲ್ಟರ್ ಹತ್ತಿ ತುರುಕಿ ಅದರ ಮೇಲೆ ಅಂಟು ಬಿಡುತ್ತಾರೆ. ಆದರೆ ನಿಜವಾದ ಹತ್ತಿ ಬಟ್ಟೆಗೆ ಈ ಅಂಟು ತಾಗಿದರೆ ಸುಡುವಷ್ಟು ಬಿಸಿ ಏಳುತ್ತದೆ, ಹೊಗೆಯೂ ಬರುತ್ತದೆ. ಹತ್ತಿಯ ಗ್ಲೌಸ್ ಹಾಕಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಕಿಟಕಿ ತೆರೆದಿರಲಿ.

ನಮ್ಮ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ತೆರೆದ ಟ್ಯೂಬು ಬೇಗ ಕಲ್ಲಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ದೊಡ್ಡ ಟ್ಯೂಬಿಗಿಂತ ಸಣ್ಣವು ನಾಲ್ಕು ತಂದಿಟ್ಟುಕೊಳ್ಳುವುದು ಮೇಲು.

ಎಪಾಕ್ಸಿ, ಮತ್ತು ಎರಡನ್ನೂ ಸೇರಿಸುವ ಕ್ರಮ

ಎಪಾಕ್ಸಿ ಎಂದರೆ ಎರಡು ಬಣ್ಣದ ಮೇಣದಂಥ ಕಡ್ಡಿ. ಸಮ ಸಮ ಕತ್ತರಿಸಿ ಒಂದೇ ಬಣ್ಣ ಬರುವ ತನಕ ಕಲಸಿದರೆ ಅಂಟು ತಯಾರು. ಬ್ರಾಂಡಿನ ಮೇಲೆ ಹೋಗುತ್ತದೆ, ಹೆಚ್ಚಾಗಿ ಐದರಿಂದ ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಸಬೇಕು. ಪೂರ್ತಿ ಗಟ್ಟಿಯಾಗಲು ಒಂದು ದಿನ. ಪೈಪು ಸರಿಮಾಡುವ ಎಂ-ಸೀಲ್ ಹಾಕಬಹುದಾ ಎಂದು ಕೇಳುವವರಿದ್ದಾರೆ. ಅಕ್ವೇರಿಯಂಗೆ ಎಂದು ಪೊಟ್ಟಣದ ಮೇಲೆ ಬರೆದಿರದ ಎಪಾಕ್ಸಿಯನ್ನು ನಾನು ಜೀವ ಇರುವ ಟ್ಯಾಂಕಿಗೆ ಇಳಿಸುವುದಿಲ್ಲ. ಮಂಗಳೂರಿಗೆ ಹೋಗಿ ಹುಡುಕಬೇಕಾದರೂ, ತರಿಸಿಕೊಳ್ಳಬೇಕಾದರೂ ಸರಿ, ಅದಕ್ಕೆಂದೇ ಮಾಡಿದ್ದು ಬರಲಿ.

ಎಪಾಕ್ಸಿ ಒಂದು ವಿಷಯದಲ್ಲಿ ನಿರಾಸೆ ಮಾಡುತ್ತದೆ. ಒದ್ದೆ ಕಲ್ಲಿಗೆ ಅದು ನಿಜವಾಗಿ ಅಂಟುವುದು ಕಡಿಮೆ. ಸಂದಿಗೆ ತುಂಬಿ ಗಟ್ಟಿಯಾಗಿ ಬೆಣೆಯ ಕೆಲಸ ಮಾಡುತ್ತದೆ. ಸೂಪರ್ ಗ್ಲೂ ಚೆನ್ನಾಗಿ ಅಂಟುತ್ತದೆ, ಸಂದು ತುಂಬುವುದಿಲ್ಲ. ಒಂದರ ಕೊರತೆ ಇನ್ನೊಂದರಿಂದ ಕಳೆಯಿತಲ್ಲ. ನೀರು ತುಂಬಿ ಓಡುತ್ತಿರುವ ಟ್ಯಾಂಕಿನಲ್ಲಿ ಕಲ್ಲು ಕೂರಿಸಲು ಈ ಜೋಡಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕ್ರಮ ಹೀಗೆ. ಮೊದಲು ಅಲೆ ಎಬ್ಬಿಸುವ ವೇವ್‌ಮೇಕರ್ ಮತ್ತು ಪಂಪು ಬಂದ್ ಮಾಡಿ. ಎರಡೂ ಕಲ್ಲಿನ ಕೂರುವ ಜಾಗವನ್ನು ಹಲ್ಲುಜ್ಜುವ ಹಳೆ ಬ್ರಷ್‌ನಿಂದ ತಿಕ್ಕಿ ಪಾಚಿ ತೆಗೆಯಿರಿ. ಪಾಚಿಯ ಮೇಲೆ ಹಚ್ಚಿದರೆ ಅಂಟು ಹಿಡಿಯುವುದು ಪಾಚಿಯನ್ನೇ ಹೊರತು ಕಲ್ಲನ್ನಲ್ಲ. ಕೈಗೆ ರಬ್ಬರ್ ಗ್ಲೌಸ್ ಹಾಕಿ ಎಪಾಕ್ಸಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ. ಅದರ ಒಂದು ಬದಿಗೆ ಜೆಲ್ ಧಾರಾಳವಾಗಿ ಹಚ್ಚಿ ಮೇಲಿನ ಕಲ್ಲಿನ ಅಡಿಗೆ ಒತ್ತಿ. ಇನ್ನೊಂದು ಬದಿಗೂ ಜೆಲ್ ಹಚ್ಚಿ ಕೂಡಲೇ ನೀರಿಗೆ ಇಳಿಸಿ. ನೀರು ತಾಗಿದ ತಕ್ಷಣ ಜೆಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹೆದರಬೇಡಿ. ಕಲ್ಲನ್ನು ಜಾಗಕ್ಕೆ ಒತ್ತಿ ಎಡಕ್ಕೆ ಬಲಕ್ಕೆ ಕೊಂಚ ತಿರುಚಿ. ಪೊರೆ ಒಡೆದು ಒಳಗಿನ ಹಸಿ ಅಂಟು ಕೆಳಗಿನ ಕಲ್ಲಿಗೆ ತಾಗುತ್ತದೆ. ಈ ತಿರುಚುವುದನ್ನು ಬಿಟ್ಟವರೇ ಅಂಟು ಹಿಡಿಯಲಿಲ್ಲ ಎನ್ನುವುದು. ಎರಡು ನಿಮಿಷ ಅಲುಗಿಸದೆ ಹಿಡಿಯಿರಿ. ಪಂಪು ಹಾಕಲು ಇನ್ನರ್ಧ ಗಂಟೆ ಕಾಯಿರಿ.

ಎಪಾಕ್ಸಿ ಹಾಕಿದ ದಿನ, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಹುಚ್ಚೆದ್ದು ನೊರೆ ಉಕ್ಕಿಸಬಹುದು, ಅಥವಾ ಪೂರ್ತಿ ಸುಮ್ಮನಾಗಬಹುದು. ನೀರು ಸ್ವಲ್ಪ ಮಬ್ಬಾಗುತ್ತದೆ. ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಸ್ಕಿಮ್ಮರಿನ ಕಪ್ ತೆಗೆದಿಟ್ಟು, ನೀರು ಸೋಸಲು ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಒಂದೇ ದಿನ ಇಡೀ ಕಡ್ಡಿ ಮುಗಿಸಬೇಡಿ, ಸ್ವಲ್ಪ ಸ್ವಲ್ಪವೇ ಮಾಡಿ. ಆ ಹೊತ್ತಿನಲ್ಲಿ ನೀರಿಗೆ ಗಾಳಿ ಬೇಕೇ ಬೇಕು. ಆಟಿ ತಿಂಗಳ ಗಾಳಿಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು, ಅಲ್ವಾ. ಬ್ಯಾಟರಿ ಏರ್ ಪಂಪು ಕೈಗೆಟುಕುವಲ್ಲಿ ಇಲ್ಲದಿದ್ದರೆ ಅಂಥ ದಿನ ಈ ಕೆಲಸ ಬೇಡ.

ಸಿಮೆಂಟು

ಟ್ಯಾಂಕ್ ಇನ್ನೂ ಖಾಲಿ ಇದೆ, ಸಮಯ ಇದೆ, ಕಮಾನು, ಗುಹೆ ಎಲ್ಲ ಬೇಕು ಅನ್ನುವವರಿಗೆ ಸಿಮೆಂಟು. ಗಟ್ಟಿತನದಲ್ಲಿ ಅಂಟೂ ಎಪಾಕ್ಸಿಯೂ ಇದರ ಹತ್ತಿರ ಬರುವುದಿಲ್ಲ. ಬಲಿಯುವ ತನಕ ಕಾದರೆ ಮಾತ್ರ.

ರೀಫ್ ಕಲ್ಲಿಗೆಂದೇ ಮಾಡಿದ ಗಾರೆಪುಡಿ ವಿದೇಶದ್ದು ಬರುತ್ತದೆ. ಬೆಲೆ ಜಾಸ್ತಿ, ಆದರೆ ನೀರಿನ ಪಿಎಚ್ ಮೇಲೆ ಅದರ ಪ್ರಭಾವ ಕಡಿಮೆ. ಹಾರ್ಡ್‌ವೇರ್ ಅಂಗಡಿಯ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲೂ ಆಗುತ್ತದೆ. ವಾಟರ್‌ಪ್ರೂಫಿಂಗ್ ಪುಡಿ, ಬೂಸ್ಟು ತಡೆಯುವ ಮದ್ದು, ಬಣ್ಣ ಏನೂ ಬೆರೆತಿರಬಾರದು. ಹೊಳೆಯ ಮರಳು ಬೇಡ, ಅರಗೊನೈಟ್ ಹಾಕಿ. ಮೂರರಿಂದ ಐದು ನಿಮಿಷದಲ್ಲಿ ಕಚ್ಚುವ ಹೈಡ್ರಾಲಿಕ್ ಸಿಮೆಂಟು ಕೂಡ ಇದೆ. ಅದು ಕೈ ಪಳಗಿದವರಿಗೆ. ಹಳೆ ಮನೆಗಳ ಚಿಪ್ಪಿನ ಸುಣ್ಣದ ಗಾರೆ ಬಳಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸುಣ್ಣ ನೀರಿಗೆ ಇಳಿದರೆ ಪಿಎಚ್ ಎಲ್ಲಿಗೋ ಹಾರುತ್ತದೆ.

ಸಾದಾ ಸಿಮೆಂಟೂ ಸುಣ್ಣ ಬಿಡುತ್ತದೆ. ಮೇಸ್ತ್ರಿಗಳಿಗೆ ಗೊತ್ತಿರುವಂತೆ ಅದು ಬಲಿಯಲು 28 ದಿನ ಎಂಬ ಲೆಕ್ಕ. ಅಷ್ಟು ದಿನ ಕಲ್ಲನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಳುಗಿಸಿಟ್ಟು ನೀರು ಬದಲಾಯಿಸುತ್ತಿರಬೇಕು. ಇಲ್ಲಿ ನಮ್ಮ ಮಳೆ ಉಪಕಾರಕ್ಕೆ ಬರುತ್ತದೆ. ಮೊದಲ ಮಳೆಗಳು ಹೋಗಿ ಹಂಚು ತೊಳೆದ ಮೇಲೆ ಮಾಡಿನಿಂದ ಇಳಿಯುವ ನೀರು ಮೃದು. ಸುಣ್ಣವನ್ನು ಚೆನ್ನಾಗಿ ಎಳೆಯುತ್ತದೆ. ಜೂನ್‌ನಲ್ಲಿ ಗಾರೆ ಹಾಕಿ ಡ್ರಮ್ಮಿಗೆ ಇಳಿಸಿದರೆ ಜುಲೈ ಮುಗಿಯುವಾಗ ಕಲ್ಲು ತಯಾರಾಗುತ್ತದೆ. ಕೊನೆಗೆ ಒಂದು ದಿನ ಹೊಸ ಉಪ್ಪುನೀರಿನಲ್ಲಿ ಇಟ್ಟು ಪಿಎಚ್ ಅಳೆಯಿರಿ. 8.4ರ ಒಳಗೆ ನಿಂತರೆ ಟ್ಯಾಂಕಿಗೆ ಇಳಿಸಬಹುದು.

ಸಿಮೆಂಟು ಹಾಕಿದ ಮೇಲೆ ಅದು ಒಂದೇ ಕಲ್ಲು ಎಂಬುದು ನೆನಪಿರಲಿ. ಟ್ಯಾಂಕಿನ ಮೇಲೆ ಗಾಜಿನ ಪಟ್ಟಿ ಇರುತ್ತದೆ. ಆ ಪಟ್ಟಿಗಳ ನಡುವಿನ ಬಾಯಿ ಎಷ್ಟು ಅಗಲ ಎಂದು ಅಳೆಯದೆ ಗಾರೆ ಕಲಸಬಾರದು. ಇಡೀ ಟ್ಯಾಂಕಿಗೆ ಒಂದೇ ಗುಡ್ಡ ಕಟ್ಟುವ ಬದಲು ಎರಡು ಮೂರು ತುಂಡಾಗಿ ಕಟ್ಟಿ, ಒಂದೊಂದನ್ನೂ ಒಬ್ಬರೇ ಎತ್ತುವಷ್ಟು ಭಾರಕ್ಕೆ ನಿಲ್ಲಿಸಿ.

ರಾಡು

ಎತ್ತರದ ಕಂಬ, ಮುಂದಕ್ಕೆ ಚಾಚಿದ ಚಪ್ಪಡಿ, ಇವಕ್ಕೆ ನನ್ನ ಮೊದಲ ಆಯ್ಕೆ ರಾಡು. ಕಲ್ಲಿಗೆ ತೂತು ಕೊರೆದು ಒಳಗೆ ಅಕ್ರಿಲಿಕ್ ಅಥವಾ ಫೈಬರ್‌ಗ್ಲಾಸ್ ರಾಡು ಇಳಿಸಿದರೆ ಮೇಲಿನ ಕಲ್ಲು ಬದಿಗೆ ಜಾರಲು ದಾರಿಯೇ ಇಲ್ಲ. ತೆಗೆಯಬೇಕಾದಾಗ ನೆಟ್ಟಗೆ ಮೇಲೆತ್ತಿದರೆ ಆಯಿತು. ಗಟ್ಟಿಯೂ ಬೇಕು, ಬಿಚ್ಚಲೂ ಬರಬೇಕು ಎಂಬ ಎರಡೂ ಆಸೆ ತೀರುವುದು ಇದೊಂದರಲ್ಲೇ.

6ರಿಂದ 10 ಮಿಲಿಮೀಟರ್ ದಪ್ಪ ಸಾಕು. ಅಂಗಡಿ ಬೋರ್ಡು ಮಾಡುವವರ ಹತ್ತಿರ ಅಕ್ರಿಲಿಕ್ ತುಂಡು ಸಿಗಬಹುದು. ಡ್ರಿಲ್ಲಿಗೆ ಮ್ಯಾಸನ್ರಿ ಬಿಟ್ ಹಾಕಿ, ಹ್ಯಾಮರ್ ಬಂದ್ ಮಾಡಿ ನಿಧಾನಕ್ಕೆ ಕೊರೆಯಿರಿ. ಹ್ಯಾಮರ್ ಹಾಕಿದರೆ ರಂಧ್ರದ ಕಲ್ಲು ಸೀಳುತ್ತದೆ. ಕಲ್ಲು ಒದ್ದೆಯಾಗಿದ್ದರೆ ಧೂಳು ಕಡಿಮೆ, ಆದರೆ ಕೈ ಒಣಗಿರಲಿ, ಕರೆಂಟಿನ ಕೆಲಸ. ಎರಡು ಕಲ್ಲಿನ ತೂತು ಒಂದೇ ನೇರಕ್ಕೆ ಬರಬೇಕು. ಕೆಳಗಿನ ತೂತಿಗೆ ರಾಡು ಇಟ್ಟು, ಅದರ ತುದಿಗೆ ಸೀಮೆಸುಣ್ಣ ಹಚ್ಚಿ, ಮೇಲಿನ ಕಲ್ಲನ್ನು ಅದರ ಮೇಲೆ ಒತ್ತಿ. ಗುರುತು ಬಿದ್ದಲ್ಲಿ ಕೊರೆಯಿರಿ.

ಕಬ್ಬಿಣದ ರಾಡು ಬೇಡ ಎಂದು ಕಡಲ ಹತ್ತಿರದವರಿಗೆ ಹೇಳಬೇಕಾಗಿಲ್ಲ. ಗಾಳಿಯಲ್ಲಿ ಬರುವ ಉಪ್ಪಿಗೇ ಕಿಟಕಿ ಸರಳು ತಿಂದುಹೋಗುತ್ತದೆ. ಸ್ಟೀಲ್ ಆಗಬಹುದಲ್ಲ ಎಂದು ಕೆಲವರು ವಾದ ಮಾಡುತ್ತಾರೆ. ಪಾತ್ರೆಗೆ, ಮೆಟ್ಟಿಲಿನ ಕಂಬಿಗೆ ಬಳಸುವ ಸಾಮಾನ್ಯ ಸ್ಟೀಲೂ ಉಪ್ಪುನೀರಿನಲ್ಲಿ ಸದಾ ಮುಳುಗಿದ್ದರೆ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಲೋಹವೇ ಬೇಡ.

ಉಳಿದವು

ಕೇಬಲ್ ಟೈ ಅಗ್ಗ, ನೈಲಾನ್ ಆದ್ದರಿಂದ ಉಪ್ಪಿಗೆ ಹೆದರುವುದಿಲ್ಲ. ಕಲ್ಲಿನ ರಂಧ್ರದೊಳಗಿಂದ ಪೋಣಿಸಿ ಎಳೆದರೆ ಬಿಗಿ ಹಿಡಿಯುತ್ತದೆ. ಮೊದಲು ಕಾಣಲು ಚಂದವಿಲ್ಲ. ಕೆಲವು ತಿಂಗಳಲ್ಲಿ ನೇರಳೆ ಬಣ್ಣದ ಸುಣ್ಣದ ಪಾಚಿ ಮುಚ್ಚುತ್ತದೆ. ಗಾರೆ ಒಣಗುವ ತನಕ ಕಲ್ಲು ಹಿಡಿದಿಡಲು, ರಾಡಿನ ಜೊತೆ ಎರಡನೆಯ ಭದ್ರತೆಗೆ ಇದು ಬಹಳ ಒಳ್ಳೆಯದು.

ಸಿಲಿಕೋನ್ ಬೇಡ. ಗಾಜಿಗೆ ಗಾಜು ಹಿಡಿಸಲು ಮಾಡಿದ್ದು ಅದು. ಹುಡಿ ಇರುವ ರಂಧ್ರದ ಕಲ್ಲಿನಿಂದ ಚರ್ಮ ಸುಲಿದು ಬಂದ ಹಾಗೆ ಎದ್ದು ಬರುತ್ತದೆ. ಪಿವಿಸಿ ಪೈಪಿನ ಚೌಕಟ್ಟು ಕಟ್ಟಿ ಅದರ ಮೇಲೆ ಕಲ್ಲು ಕೂರಿಸುವವರಿದ್ದಾರೆ. ದೊಡ್ಡ ಟ್ಯಾಂಕಿನಲ್ಲಿ ಕಲ್ಲು ಉಳಿತಾಯವಾಗುತ್ತದೆ. ಪೈಪಿಗೆ ಅಲ್ಲಲ್ಲಿ ತೂತು ಹಾಕಿ, ಇಲ್ಲದಿದ್ದರೆ ಒಳಗೆ ನಿಂತ ನೀರು ಕೊಳೆಯುತ್ತದೆ.

ನಿಮಗೆ ಯಾವುದು

2 ಅಡಿಯ ಸಣ್ಣ ಟ್ಯಾಂಕ್ ಆದರೆ ಬರೀ ಜೋಡಣೆ ಮಾಡಿ, ಮೇಲಿನ ಸಣ್ಣ ತುಂಡುಗಳಿಗೆ ಜೆಲ್ ಹಾಕಿ. ಅದಕ್ಕಿಂತ ಹೆಚ್ಚಿನದ್ದು ಖರ್ಚು ಮತ್ತು ತಲೆಬಿಸಿ.

ಬಾಡಿಗೆ ಮನೆಯಲ್ಲಿದ್ದರೆ ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಸಿಮೆಂಟಿಗೆ ಹೋಗಬೇಡಿ. ಜೋಡಣೆ ಮತ್ತು ರಾಡು. ಸಾಗಿಸುವಾಗ ಬಿಚ್ಚಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಉಪ್ಪುನೀರಿನ ಸಮೇತ ಇಟ್ಟರೆ ಕಲ್ಲಿನ ಜೀವ ಉಳಿಯುತ್ತದೆ.

ಸ್ವಂತ ಮನೆ, 4 ಅಡಿ ಅಥವಾ ದೊಡ್ಡ ಟ್ಯಾಂಕ್, ಇನ್ನೂ ನೀರು ಹಾಕಿಲ್ಲ ಎಂದಾದರೆ ಬುಡಕ್ಕೆ ಜೋಡಣೆ, ಎತ್ತರಕ್ಕೆ ರಾಡು, ರಾಡಿನ ಸುತ್ತ ಮಾತ್ರ ಸ್ವಲ್ಪ ಗಾರೆ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ತೋಡುವ ಮೀನು, ಸಿಗಡಿ ಸಾಕುವ ಆಸೆ ಇದ್ದರಂತೂ ಬೇರೆ ದಾರಿ ಹುಡುಕಬೇಡಿ. ಗೋಡೆ ಕಟ್ಟಿದ ಹಾಗೆ ಸಂದೆಲ್ಲ ಮುಚ್ಚಬೇಡಿ, ನೀರು ಕಲ್ಲಿನ ನಡುವೆ ಹರಿಯಬೇಕು. ಹಿಂದೆ, ಬದಿಗೆ ಗಾಜಿನಿಂದ 8ರಿಂದ 10 ಸೆಂಟಿಮೀಟರ್ ಜಾಗ ಬಿಡಿ. ಗಾಜು ಒರೆಸುವ ಅಯಸ್ಕಾಂತ ಅಲ್ಲಿ ಓಡಾಡಬೇಕು.

ಟ್ಯಾಂಕ್ ಈಗಾಗಲೇ ಓಡುತ್ತಿದ್ದರೆ ಮೇಲೆ ಹೇಳಿದ ಜೆಲ್ ಮತ್ತು ಎಪಾಕ್ಸಿ. ಆದರೆ ಅಲುಗುತ್ತಿರುವುದು ಬುಡದ ಕಲ್ಲೇ ಆದರೆ ಅದಕ್ಕೆ ಅಂಟು ಮದ್ದಲ್ಲ. ಮೇಲಿನದನ್ನೆಲ್ಲ ಇಳಿಸಿ, ಅಡಿಯ ಮರಳು ಸರಿಸಿ, ಬುಡವನ್ನು ತಳಕ್ಕೆ ಕೂರಿಸಿ ಮತ್ತೆ ಕಟ್ಟಬೇಕು. ಒಂದು ಭಾನುವಾರದ ಕೆಲಸ. ಹಳೆ ಮರಳು ಕದಡಿದರೆ ಒಳಗಿನ ಕೊಳೆ ನೀರಿಗೆ ಬರುತ್ತದೆ, ಆದ್ದರಿಂದ ಬದಲಿ ನೀರು ಮೊದಲೇ ಕಲಸಿಟ್ಟಿರಿ. ಉಪ್ಪಿನಂಶ ಟ್ಯಾಂಕಿನಷ್ಟೇ, 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು) ಆಸುಪಾಸು ಇರಲಿ.

ಯಾವ ದಾರಿ ಹಿಡಿದರೂ ಪರೀಕ್ಷೆ ಒಂದೇ. ಮರಳು ಹಾಕುವ ಮೊದಲು ಟ್ಯಾಂಕಿಗೆ ನೀರು ತುಂಬಿ ಒಂದು ರಾತ್ರಿ ಬಿಡಿ, ಕಲ್ಲಿನೊಳಗಿನ ಗಾಳಿ ಹೋಗಲಿ. ಮರುದಿನ ಪ್ರತಿ ಕಲ್ಲಿನ ತುದಿಯನ್ನು ಎರಡು ಬೆರಳಿನಿಂದ ನಾಲ್ಕೂ ಕಡೆಗೆ ತಳ್ಳಿ ನೋಡಿ. ಕಲ್ಲಿಗೆ ಕಲ್ಲು ತಾಗಿದ ಟಕ್ ಶಬ್ದ ಎಲ್ಲಿ ಕೇಳಿದರೂ ನೀರು ಇಳಿಸಿ ಆ ಜಾಗವನ್ನು ಮತ್ತೆ ಮಾಡಿ. ಶಬ್ದ ಬರಲಿಲ್ಲವಾದರೆ ಮರಳು ಹಾಕಬಹುದು.